ವೆಲ್ಲೆಸ್ಲಿ ಸೇತುವೆಯ ಅಡಿಯನ್ನೂ ನೋಡಿ

ಸಂಪಾದಕರೇ,

ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆ ಬ್ರಿಟಿಷರು ಕಟ್ಟಿದ್ದು ಅಂತಲೇ ಎಷ್ಟೋ ಜನ ಅಂದುಕೊಂಡಿದ್ದಾರೆ. ಹೆಸರು ಹಾಗಿದೆ, ಅವರನ್ನು ಅಂದು ಏನು ಪ್ರಯೋಜನ. ಕಟ್ಟಿಸಿದ್ದು ದಿವಾನ್ ಪೂರ್ಣಯ್ಯ, 1804ರಲ್ಲಿ. ಟಿಪ್ಪು ಮಡಿದು ಐದು ವರ್ಷವಾಗಿತ್ತು, ಪಟ್ಟದಲ್ಲಿದ್ದ ಮುಮ್ಮಡಿ ಕೃಷ್ಣರಾಜ ಒಡೆಯರ್ ಇನ್ನೂ ಹತ್ತು ವರ್ಷದ ಹುಡುಗ, ಆಡಳಿತವೆಲ್ಲ ಪೂರ್ಣಯ್ಯನವರದೇ. ಆಗಿನ ಗವರ್ನರ್ ಜನರಲ್ ಹೆಸರನ್ನು ಸೇತುವೆಗೆ ಇಟ್ಟರು. ಕಾಲ ಹಾಗಿತ್ತು.

ಸೇತುವೆಯ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುವವರು ಒಮ್ಮೆ ದಡಕ್ಕಿಳಿದು ನೋಡಬೇಕು. ಕಮಾನೇ ಇಲ್ಲ! ಹೊಳೆಯಲ್ಲಿ ಸಾಲು ಸಾಲು ಕಲ್ಲುಕಂಬ, ಕಂಬದ ತಲೆಗೆ ಬೋದಿಗೆ (ತೊಲೆಗೆ ಆಸರೆ ಕೊಡುವ ಚಾಚುಗಲ್ಲು), ಅದರ ಮೇಲೆ ಕಲ್ಲಿನ ತೊಲೆ, ಮೇಲೆ ರಸ್ತೆ. ದೇವಸ್ಥಾನದ ಮಂಟಪವನ್ನೇ ಕಾವೇರಿಗೆ ಇಳಿಸಿದ ಹಾಗಿದೆ. ಕಲ್ಲು ನೆಟ್ಟಗೆ ನಿಂತು ಎಷ್ಟು ಭಾರ ಬೇಕಾದರೂ ಹೊರುತ್ತದೆ, ಆದರೆ ಅದನ್ನೇ ಉದ್ದಕ್ಕೆ ಮಲಗಿಸಿ ಮೇಲೆ ಭಾರ ಹೇರಿದರೆ ಅಡಿಯಿಂದ ಸೀಳುತ್ತದೆ. ಅದಕ್ಕೇ ಕಂಬಗಳು ಅಷ್ಟು ಒತ್ತೊತ್ತಾಗಿವೆ, ಬೋದಿಗೆಗಳು ಎರಡೂ ಕಡೆ ಚಾಚಿಕೊಂಡು ಆ ಅಂತರವನ್ನು ಇನ್ನಷ್ಟು ಕಮ್ಮಿ ಮಾಡುತ್ತವೆ. ಕೆಆರ್‌ಎಸ್ ಕೆಲಸ ಶುರುವಾದದ್ದೇ 1911ರಲ್ಲಿ. ಅಂದರೆ ಮೇಲೆ ಅಣೆಕಟ್ಟೆಯ ಆಸರೆಯಿಲ್ಲದೆ ನೂರು ವರ್ಷಕ್ಕೂ ಜಾಸ್ತಿ ಕಾಲ ಈ ಸೇತುವೆ ಕಾವೇರಿಯ ಪ್ರವಾಹವನ್ನು ತಡೆದುಕೊಂಡಿದೆ.

ಆದರೆ ಒತ್ತಾದ ಕಂಬಗಳಿಗೆ ಒಂದು ತಾಪತ್ರಯವಿದೆ. ಪ್ರವಾಹದಲ್ಲಿ ತೇಲಿಬಂದ ಮರ, ಬೊಡ್ಡೆ, ಕಸ ಸಂದಿಯಲ್ಲಿ ಸಿಕ್ಕಿಕೊಂಡರೆ ನೀರಿಗೆ ದಾರಿ ಇಲ್ಲ, ಒತ್ತಡವೆಲ್ಲ ಕಂಬಕ್ಕೆ. 2018ರ ಪ್ರವಾಹದಲ್ಲಿ ನಮ್ಮ ಶಿವನಸಮುದ್ರದ ಹಳೇ ಕಲ್ಲುಸೇತುವೆಯ ಒಂದು ಭಾಗ ಕೊಚ್ಚಿಕೊಂಡು ಹೋಗಿದ್ದು ಮರೆತಿಲ್ಲ ಅಲ್ವಾ?

ಹಾಗಾಗಿ ಸಂಬಂಧಪಟ್ಟವರಲ್ಲಿ ಕೇಳುವುದಿಷ್ಟೇ. ಬೇಸಿಗೆಯಲ್ಲಿ ನೀರು ಇಳಿದಾಗ ಬಲ್ಲವರನ್ನು ಹೊಳೆಗೆ ಇಳಿಸಿ ಕಂಬಗಳ ಬುಡ ಪರೀಕ್ಷೆ ಮಾಡಿಸಿ, ಸಿಕ್ಕಿಕೊಂಡ ಬೊಡ್ಡೆ ತೆಗೆಸಿ. ಕಲ್ಲಿನ ಸಂದಿಯಲ್ಲಿ ಅರಳಿಯೋ ಆಲವೋ ಚಿಗುರಿದರೆ ಎಳೆಯದಿರುವಾಗಲೇ ಬೇರುಸಮೇತ ಕೀಳಿಸಿ, ಬರೀ ಕತ್ತರಿಸಿದರೆ ಮತ್ತೆ ಬರುತ್ತದೆ. ಬಿರುಕು ಕಂಡಲ್ಲೆಲ್ಲ ಸುಮ್ನೆ ಸಿಮೆಂಟ್ ಮೆತ್ತಬೇಡಿ, ಸುಣ್ಣದ ಗಾರೆ ಗೊತ್ತಿರುವವರನ್ನು ಕರೆಸಿ. ಮೇಲೆ ಬಣ್ಣ ಬಳಿದು ದೀಪ ಹಾಕುವುದು ಆಮೇಲಿನ ಮಾತು. ಬೋರ್ಡು ಹಾಕುವುದಾದರೆ ಪೂರ್ಣಯ್ಯನವರ ಹೆಸರಿನ ಜೊತೆ ಕಂಬ, ಬೋದಿಗೆ, ತೊಲೆಯ ಚಿತ್ರವೂ ಇರಲಿ, ಮಕ್ಕಳಿಗೆ ಅರ್ಥವಾಗುವ ಹಾಗೆ.

ಒಬ್ಬ ಓದುಗ, ಮಂಡ್ಯ