ಗೋಲಿಯಿಂದ ಸರ್ಕಾರ ಬದಲಿಸಿದವರು

ಮಾನ್ಯ ಸಂಪಾದಕರೇ,

ಆಫ್ರಿಕಾ ಎಂದರೆ ಪತ್ರಿಕೆಗಳಲ್ಲಿ ಬರ, ದಂಗೆ, ಕಾಯಿಲೆಯ ಸುದ್ದಿಯೇ ಜಾಸ್ತಿ. ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ ಬಗ್ಗೆಯೂ ಒಂದಿಷ್ಟು ಬರೆಯಬಾರದೇ?

ಒಂದು ನದಿ, ಅದರ ಎರಡು ದಂಡೆ. ದೇಶ ಅಂದರೆ ಹೆಚ್ಚುಕಡಿಮೆ ಅಷ್ಟೇ. ಅಗಲ 50 ಕಿಲೋಮೀಟರ್ ದಾಟುವುದಿಲ್ಲ. ಸಮುದ್ರದ ಕಡೆ ಬಿಟ್ಟರೆ ಸುತ್ತಲೂ ಸೆನೆಗಲ್. ನದಿ ಬ್ರಿಟಿಷರಿಗೆ, ಉಳಿದದ್ದು ಫ್ರೆಂಚರಿಗೆ ಎಂದು ಹಂಚಿಕೊಂಡಿದ್ದರ ಫಲ ಇದು. 1965ರಲ್ಲಿ ಸ್ವಾತಂತ್ರ್ಯ ಬಂತು. ಮಂಡಿಂಕಾ, ಫುಲಾ, ವೊಲೋಫ್ ಜನ ಅಲ್ಲಿನ ದೊಡ್ಡ ಸಮುದಾಯಗಳು. ಶೇಂಗಾ ಮುಖ್ಯ ಬೆಳೆ.

ನನಗೆ ತುಂಬಾ ಹಿಡಿಸಿದ್ದು ಅವರ ಮತದಾನ. ಓದು ಬಾರದವರಿಗೂ ಸುಲಭವಾಗಲಿ ಎಂದು ಪ್ರತಿ ಅಭ್ಯರ್ಥಿಗೂ ಒಂದೊಂದು ಬಣ್ಣದ ಡ್ರಮ್ಮು ಇಡುತ್ತಾರೆ. ಮತದಾರರು ಕೊಳವೆಯಲ್ಲಿ ಗೋಲಿ ಬಿಟ್ಟರೆ ಒಳಗೆ ಗಂಟೆ ಟಿಣ್ ಅನ್ನುತ್ತದೆ. ಎರಡು ಸಲ ಸದ್ದಾಯಿತೋ, ಕಳ್ಳಾಟ ಹೊರಗೆ ಕೂತವರಿಗೆ ಗೊತ್ತಾಗಿಬಿಡುತ್ತದೆ! 1994ರಲ್ಲಿ ಸೇನಾ ದಂಗೆಯಿಂದ ಗದ್ದುಗೆ ಏರಿದ್ದ ಯಾಹ್ಯಾ ಜಾಮೆ 2016ರಲ್ಲಿ ಸೋತದ್ದು ಇವೇ ಗೋಲಿಗಳಿಂದ. ಮೊದಲು ಸೋಲೊಪ್ಪಿದರು, ಆಮೇಲೆ ತಕರಾರು ತೆಗೆದರು. ನೆರೆ ದೇಶಗಳ ಸೇನೆ ಗಡಿ ದಾಟಿದ ಮೇಲೆಯೇ, 2017ರ ಜನವರಿಯಲ್ಲಿ, ದೇಶ ಬಿಟ್ಟದ್ದು. ಗೆದ್ದ ಅಡಮಾ ಬ್ಯಾರೋ ಅಧ್ಯಕ್ಷರಾದರು.

ವಿದೇಶ ಪುಟದಲ್ಲಿ ಇಂಥವಕ್ಕೂ ಒಂದು ಕಾಲಂ ಕೊಡಬಹುದಲ್ವಾ?

– ಒಬ್ಬ ಓದುಗ, ಶಿರಸಿ