ಪುಸ್ತಕವೂ ಬಂತು, ಅಮ್ಮನೂ ಮನೆಗೆ ಬಂದಳು

ಪುಸ್ತಕ ಕೊನೆಗೂ ಬೈಂಡಿಂಗ್ ಆಗಿ ಬಂತು. ಅಮ್ಮನೂ ಮನೆಗೆ ಬಂದಾಯ್ತು, ಸಾರಿಗೆ ಉಪ್ಪು ಕಮ್ಮಿ ಅಂತ ನನಗೆ ಬೈದದ್ದೂ ಆಯ್ತು. ನಾನು ಡಿಸೈನ್ ಮಾಡುತ್ತಿದ್ದ ಪುಸ್ತಕ ಅಚ್ಚಿಗೆ ಹೋಗುವ ಮೊದಲೇ ಅಮ್ಮ ಐಸಿಯು ಸೇರಿದ್ದಳು; ಆ ಕಥೆಯನ್ನೆಲ್ಲ ಮತ್ತೆ ಶುರು ಮಾಡುವುದಿಲ್ಲ. ಥ್ಯಾಂಕ್ಸ್ ಹೇಳುವುದೊಂದು ಬಾಕಿ ಇತ್ತು.

ಮೊದಲು, ನಾನು ಮುಖವನ್ನೇ ನೋಡದ ಜನರಿಗೆ. ‘ಅನೇಕ್ ಕನ್ನಡ’, ‘ಬಾಲೂ ತಮ್ಮ’ ಅನ್ನುವ ಫಾಂಟ್‌ಗಳನ್ನು ಮಾಡಿದ ಏಕ್ ಟೈಪ್‌ನವರಿಗೆ, ನೋಟೋ ಸೆರಿಫ್ ಕನ್ನಡ ಮಾಡಿದವರಿಗೆ. ಒಳಪುಟವೆಲ್ಲ ನೋಟೋ, ತಲೆಬರಹವೆಲ್ಲ ಅನೇಕ್. ಇವೆಲ್ಲ ಮುಕ್ತ ಲೈಸೆನ್ಸಿನ ಫಾಂಟ್‌ಗಳು, ಮಾರುವ ಪುಸ್ತಕಕ್ಕೂ ಒಂದು ರೂಪಾಯಿ ಕೊಡಬೇಕಿಲ್ಲ. ನಮ್ಮಂಥ ಒಂಟಿ ಡಿಸೈನರ್‌ಗಳ ಬಜೆಟ್ ಎಷ್ಟಿರುತ್ತದೆ ಅಂತ ಗೊತ್ತಲ್ವಾ.

ಮುಖಪುಟ ಮಾತ್ರ ತುಂಬಾ ದಿನ ಕೈಗೆ ಹತ್ತಲೇ ಇಲ್ಲ. ಪಿಂಟರೆಸ್ಟ್ ತೆಗೆದು ಸುಮ್ನೆ ಬೆರಳು ಆಡಿಸುತ್ತಾ ಕೂತಿರುತ್ತಿದ್ದೆ. ಎಲ್ಲ ಚೆಂದವೇ, ಆದರೆ ಎಲ್ಲ ಇಂಗ್ಲಿಷ್ ಅಕ್ಷರಕ್ಕೆ ಹೊಲಿದ ಅಂಗಿ. ನಮ್ಮ ಒತ್ತುಗಳು ಕೆಳಗೆ ಇಳಿಯುತ್ತವೆ, ಅವಕ್ಕೆ ಅಲ್ಲಿ ಜಾಗವೇ ಇಲ್ಲ. ಆಗ ಒಬ್ಬ ಗೆಳತಿ ಬೆಂಗಳೂರಿನ ಹೆಬ್ಬಾಳದ ಕಿತ್ತಯ್ಯನ ಶಾಸನ ನೋಡು ಅಂದಳು. ಸುಮಾರು ಕ್ರಿ.ಶ. 750ರ ವೀರಗಲ್ಲು. ದಿನಾ ಹೆಬ್ಬಾಳದ ಫ್ಲೈಓವರ್ ಮೇಲೆ ಹಾರ್ನ್ ಹೊಡೆಯುತ್ತಾ ನಿಲ್ಲುವ ನಮಗೆ, ಪಕ್ಕದಲ್ಲೇ ಅಂಥ ಅಕ್ಷರ ಇದೆ ಅಂತ ಗೊತ್ತೇ ಇರುವುದಿಲ್ಲ. ಇತಿಹಾಸ ಸಂಶೋಧನೆ ಮಾಡುವ ಮಿಥಿಕ್ ಸೊಸೈಟಿಯವರು ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿದ್ದಾರೆ, ಅವರಿಗೂ ದೊಡ್ಡ ನಮಸ್ಕಾರ. ಕಲ್ಲಿನ ಮುಂದೆ ನಿಂತಾಗ ಕಾಣದ ಗೆರೆ ಅಲ್ಲಿ ಕಾಣುತ್ತದೆ. ಗೆಳತಿಯೇ ಆಮೇಲೆ ಕನ್ನಡದ ಮೊದಲ ಪತ್ರಿಕೆ, 1843ರ ‘ಮಂಗಳೂರ ಸಮಾಚಾರ’ದ ಒಂದು ಪುಟ ಕಳಿಸಿದಳು. ಅದು ಕಲ್ಲಚ್ಚಿನದು, ಅಂದರೆ ಸೀಸದ ಅಚ್ಚುಮೊಳೆ ಜೋಡಿಸಿದ್ದಲ್ಲ, ಕೈಬರಹವೇ ಅಚ್ಚಾದದ್ದು. ಆ ಎರಡನ್ನೂ ಮೇಜಿನ ಮೇಲೆ ಇಟ್ಟುಕೊಂಡ ಮೇಲೆ ಮುಖಪುಟದ ಅಕ್ಷರ ನಾನೇ ಬರೆದೆ.

ರಕ್ತ ಕೊಟ್ಟವರು, ಊಟ ಕಳಿಸಿದವರು, ಕರಡು ತಿದ್ದಿದವರು, ಅಡ್ವಾನ್ಸ್ ಅಂತ ಹೇಳಿ ಪೂರ್ತಿ ದುಡ್ಡು ಹಾಕಿದ ಇಬ್ಬರು ಹಳೇ ಕ್ಲೈಂಟ್‌ಗಳು, ಎಲ್ಲರಿಗೂ ಥ್ಯಾಂಕ್ಸ್.

ಇನ್ನು ಸುಲ್ತಾನಪೇಟೆಯ ಪ್ರೆಸ್ಸಿನ ಅಣ್ಣ. ಹೆಸರು ಹಾಕಬೇಡಮ್ಮ ಅಂದಿದ್ದಾರೆ, ಹಾಕುವುದಿಲ್ಲ.

ಅಮ್ಮನನ್ನು ಐಸಿಯುಗೆ ಹಾಕಿದ ರಾತ್ರಿ ಅವರಿಗೆ ಫೋನ್ ಮಾಡಿ, ಅಣ್ಣಾ ಕೆಲಸ ನಿಲ್ಲಿಸಿಬಿಡಿ, ನನ್ನ ಕೈಯಲ್ಲಿ ಆಗಲ್ಲ ಅಂದೆ. ಅವರು ಸರಿ ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಯಾವ ಆಸ್ಪತ್ರೆ ಅಂತ ಕೇಳಿದರು. ಸ್ವಲ್ಪ ಹೊತ್ತಿಗೆ ಸ್ಕೂಟರ್‌ನಲ್ಲಿ ಬಂದರು, ಒಂದು ಕೈಯಲ್ಲಿ ಪೇಪರ್ ಸುತ್ತಿದ ಪ್ರೂಫ್, ಇನ್ನೊಂದು ಕೈಯಲ್ಲಿ ಚಿತ್ರಾನ್ನದ ಡಬ್ಬಿ. ತಿನ್ನು ಅಂದರು. ತಿಂದೆ.

ಆಮೇಲೆ ಕ್ಯಾಂಟೀನಿನ ಮೇಜು ಒರೆಸಿ ಪ್ರೂಫ್ ಹರಡಿದರು. ಹುಡುಗನಾಗಿದ್ದಾಗ ಮೊಳೆ ಜೋಡಿಸಿ ಕೆಲಸ ಕಲಿತವರು, ಅವರ ಕಣ್ಣು ಮೊದಲು ಹೋಗುವುದೇ ಒತ್ತಿಗೆ. ಪಠ್ಯ ಹಳೇ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಆಗಿ ಬಂದಿತ್ತು, ಯೂನಿಕೋಡ್‌ಗೆ ಬದಲಿಸುವಾಗ ಅಲ್ಲಲ್ಲಿ ಒತ್ತು ಕಳಚಿ ಪಕ್ಕಕ್ಕೆ ಕೂತಿತ್ತು. ಲೂಪ್ ಅನ್ನುವ ಪುಟ್ಟ ಭೂತಗನ್ನಡಿ ಹಿಡಿದು ಒಂದೊಂದೇ ಸಾಲು ನೋಡುತ್ತಾ ಪೆನ್ಸಿಲ್‌ನಲ್ಲಿ ಸುತ್ತು ಹಾಕಿದರು. ನಡುವೆ, ನೋಡಮ್ಮ, ಈ ಅರ್ಕಾವತ್ತು ಮಂಜಾಗಿದೆ ಅಂತ ಲೂಪ್ ನನ್ನ ಕೈಗೆ ಕೊಟ್ಟರು. ಕಪ್ಪು ಅಕ್ಷರದ ಅಂಚಿನಲ್ಲಿ ಕೂದಲೆಳೆಯಷ್ಟು ಗುಲಾಬಿ. ಆ ಒಂದು ಅಧ್ಯಾಯದ ಕಪ್ಪು ನಾಲ್ಕು ಬಣ್ಣ ಸೇರಿ ಆಗಿತ್ತು, ಬರೀ ಕಪ್ಪು ಶಾಯಿಯಲ್ಲ. ಬಣ್ಣಕ್ಕೊಂದರಂತೆ ಇರುವ ನಾಲ್ಕು ಅಚ್ಚಿನ ಪ್ಲೇಟ್‌ನಲ್ಲಿ ಒಂದು ಸ್ವಲ್ಪ ಜರುಗಿದರೂ ಸಣ್ಣ ಒತ್ತು ಹೋಯ್ತು ಅಂತಲೇ ಲೆಕ್ಕ. ಅಚ್ಚಿಗೆ ಹೋದ ಮೇಲೆ ಕಂಡಿದ್ದರೆ ಏನು ಮಾಡುತ್ತಿದ್ದೆವೋ.

ಸತ್ಯ ಹೇಳುತ್ತೇನೆ, ನನಗೆ ಆಗ ಅದ್ಯಾವುದೂ ಬೇಕಿರಲಿಲ್ಲ. ಪುಸ್ತಕದ ಮೇಲೆ ಸಿಟ್ಟಿತ್ತು. ಒಳಗೆ ಅಮ್ಮನಿಗೆ ಉಸಿರಾಡಲು ಮೆಷಿನ್ ಬೇಕು, ನಾನು ಇಲ್ಲಿ ಒತ್ತು ನೋಡುತ್ತಾ ಕೂತಿದ್ದೇನೆ, ನಾನು ಎಂಥ ಮಗಳು ಅಂತ ಹೊಟ್ಟೆ ಕಿವುಚುತ್ತಿತ್ತು. ಬೆಳಗಿನ ಜಾವ ಅಮ್ಮನ ಹೆಸರು ಕೂಗಿದಾಗ ನನಗೆ ಎದ್ದು ನಿಲ್ಲಲು ಆಗಲಿಲ್ಲ. ಅಣ್ಣ ಧೈರ್ಯ ತಗೋ ಅಂತೆಲ್ಲ ಹೇಳಲಿಲ್ಲ. ತೋಳು ಹಿಡಿದು ಎಬ್ಬಿಸಿ, ಬಾಗಿಲ ತನಕ ಬಂದು, ನನ್ನ ಚಪ್ಪಲಿ ಪಕ್ಕಕ್ಕೆ ಸರಿಸಿ ಅಲ್ಲೇ ನಿಂತರು. ಒಂದು ಸಹಿ ಬೇಕಿತ್ತು, ಅಷ್ಟೇ. ನಾನು ಹೊರಗೆ ಬಂದಾಗಲೂ ಅಲ್ಲೇ ಇದ್ದರು. ಸ್ವಂತ ಬಂಧುಗಳು ಬೆಳಗಾದ ಮೇಲೆ ಬರುತ್ತೇವೆ ಅಂದಿದ್ದ ರಾತ್ರಿ ಅದು.

ಬೆಳಕು ಹರಿದ ಮೇಲೆ, ನೀನು ಪುರುಸೊತ್ತಾದಾಗ ತಿದ್ದಿ ಕಳಿಸು, ಪೇಪರ್ ಎತ್ತಿಟ್ಟಿರುತ್ತೇನೆ ಅಂತ ಹೇಳಿ ಹೋದರು. ತಿದ್ದಿದ್ದು ಅಮ್ಮ ವಾರ್ಡಿಗೆ ಬಂದ ಮೇಲೆ, ಅವಳ ಮಂಚದ ಪಕ್ಕದಲ್ಲಿ ಕೂತು. ಕೆಲಸ ಮತ್ತೆ ಇಷ್ಟವಾದದ್ದೂ ಅಲ್ಲೇ.

ಪುಸ್ತಕ ಬೇಕಾದವರು ನನಗೆ ಮೆಸೇಜ್ ಮಾಡಿ. ಅಣ್ಣ ಬಿಲ್ಲಿನಲ್ಲಿ ಪ್ರೂಫಿನ ದುಡ್ಡು ಹಾಕಿಲ್ಲ. ನಾಳೆ ಸುಲ್ತಾನಪೇಟೆಗೆ ಹೋಗಿ ಜಗಳ ಆಡಿಯಾದರೂ ಕೊಟ್ಟು ಬರುತ್ತೇನೆ, ಅಮ್ಮ ಕಟ್ಟಿಕೊಟ್ಟ ಚಕ್ಕುಲಿ ಡಬ್ಬಿಯೂ ಜೊತೆಗಿದೆ.