ಗೋಡೆ ಖಾಲಿ ಬಿಟ್ಟುಕೊಟ್ಟವರಿಗೆ

ನಮ್ಮ ಪ್ರದರ್ಶನಕ್ಕೆ ಮನೆಮನೆಯಿಂದ ಬಂದ ಚಿತ್ರ, ಸ್ವರೂಪ (ಸಂತರ ಮೂರ್ತಿ), ಶಿಲುಬೆ ಎಲ್ಲ ಸೇರಿ ಹಾಲ್‌ನಲ್ಲಿ 64 ಇದ್ದವು. ನಿನ್ನೆ ರಾತ್ರಿಯ ಹೊತ್ತಿಗೆ 63 ತಂತಮ್ಮ ಮನೆ ಸೇರಿದವು. ಒಂದು ಉಳಿದಿದೆ. ಅದರ ವಿಷಯ ಕೊನೆಗೆ ಹೇಳುತ್ತೇನೆ, ದಯವಿಟ್ಟು ಅಲ್ಲಿವರೆಗೆ ಓದಿ.

ಪುಣೆಯಲ್ಲಿ ಕನ್ನಡ ಬಲಿಪೂಜೆಗೆ, ಅಂದರೆ ಚರ್ಚಿನ ಆರಾಧನೆಗೆ, ಸೇರುವವರು ನಾವು ತುಂಬ ಜನ ಏನಿಲ್ಲ. ತಿಂಗಳಿಗೊಂದು ಭಾನುವಾರ, ಬೇರೆ ಭಾಷೆಯವರ ಪೂಜೆ ಮುಗಿದ ಮೇಲೆ ನಮ್ಮ ಸರದಿ. ಹಾಸನದವರಿದ್ದಾರೆ, ಬೆಳಗಾವಿಯವರಿದ್ದಾರೆ, ಕಲಬುರಗಿಯವರಿದ್ದಾರೆ. ಮನೆಯಲ್ಲಿ ಕೊಂಕಣಿ ಮಾತಾಡಿ ಕನ್ನಡದಲ್ಲಿ ಓದುವ ಮಂಗಳೂರಿನವರಿದ್ದಾರೆ. ಇಷ್ಟೇ ಜನ ಸೇರಿ ಈ ಪಾಸ್ಖ (ಈಸ್ಟರ್) ಕಾಲದಲ್ಲಿ ಎಂಟು ದಿನ ಚಿತ್ರ ಪ್ರದರ್ಶನ ನಡೆಸಿದೆವು. ನನಗೇ ಇನ್ನೂ ನಂಬಿಕೆ ಬಂದಿಲ್ಲ.

ನಿಜ ಹೇಳಬೇಕೆಂದರೆ, ನನ್ನ ತಲೆಯಲ್ಲಿದ್ದ ಪ್ರದರ್ಶನವೇ ಬೇರೆ. ನನಗೆ ಚಿತ್ರಕಾರ ಆಂಜೆಲೊ ಡ ಫೊನ್ಸೆಕ ಅವರ ಹುಚ್ಚು. 1902ರಲ್ಲಿ ಗೋವಾದಲ್ಲಿ ಹುಟ್ಟಿದವರು. ಶಾಂತಿನಿಕೇತನಕ್ಕೆ ಹೋಗಿ ಅವನೀಂದ್ರನಾಥ ಟಾಗೋರ್, ನಂದಲಾಲ್ ಬೋಸ್ ಹತ್ತಿರ ಕಲಿತು ಬಂದರು. ಬಂದವರು ತಮ್ಮ ಚಿತ್ರಗಳಲ್ಲಿ ಯೇಸುವಿನ ತಾಯಿ ಮರಿಯಮ್ಮನಿಗೆ ಸೀರೆ ಉಡಿಸಿದರು. ನಮ್ಮ ಓಣಿಯ ಹೆಣ್ಣುಮಕ್ಕಳ ಹಾಗೆ, ನಮ್ಮದೇ ಮೈಬಣ್ಣದ ಮರಿಯಮ್ಮ. ಆ ಕಾಲದ ಗೋವಾದಲ್ಲಿ ಇದು ಎಷ್ಟೋ ಜನರಿಗೆ ಹಿಡಿಸಲಿಲ್ಲ. ಆಮೇಲೆ ಅವರು ನೆಲೆ ನಿಂತಿದ್ದು ಇಲ್ಲೇ, ಪುಣೆಯ ಶಿವಾಜಿನಗರದ ಕ್ರಿಸ್ತ ಪ್ರೇಮ ಸೇವಾ ಆಶ್ರಮದಲ್ಲಿ. 1967ರಲ್ಲಿ ತೀರಿಕೊಂಡದ್ದೂ ಪುಣೆಯಲ್ಲೇ. ನಮ್ಮ ಬಸ್ಸು ದಿನಾ ಓಡಾಡುವ ದಾರಿಯಲ್ಲಿ ಇಂಥವರು ಬದುಕಿದ್ದರು ಅಂತ ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಅದನ್ನು ತೋರಿಸಬೇಕು ಅಂತ ನನ್ನ ಹಠ. ಅವರ ಚಿತ್ರ ಅಚ್ಚಾದ ಹಳೇ ಕಾರ್ಡುಗಳನ್ನು, ಪುಸ್ತಕಗಳನ್ನು ಹುಡುಕಿ ಜೋಡಿಸಿಕೊಂಡೆ.

ಪಾಸ್ಖಕ್ಕೆ ಮುಂಚಿನ ಉಪವಾಸದ ದಿನಗಳಾದ ತಪಸ್ಸು ಕಾಲದ ಒಂದು ಶುಕ್ರವಾರ, ಶಿಲುಬೆ ಹಾದಿ ಪ್ರಾರ್ಥನೆ ಮುಗಿದ ಮೇಲೆ, ಇದನ್ನೆಲ್ಲ ಸಭೆಯಲ್ಲಿ ವಿವರಿಸಿದೆ. ಹಿಂದಿನ ಸಾಲಿನಿಂದ ಒಬ್ಬ ಅಜ್ಜಿ ಕೇಳಿದರು: "ಎಲ್ಲ ಸರಿ ಮಗಾ, ನಮ್ಮನೆ ಚಿತ್ರ ಎಲ್ಲಿ ಹಾಕ್ತೀರಿ?"

ನಾನು ನಕ್ಕುಬಿಟ್ಟೆ. ಅವರ ಮನೆಯ ಚಿತ್ರ ನೋಡಿದ್ದೆ. ಹೊಗೆ ಹಿಡಿದ ಯೇಸುವಿನ ಪವಿತ್ರ ಹೃದಯದ ಪಟ, ಕ್ಯಾಲೆಂಡರ್‌ನದ್ದು, ಕೆಳಗಿನ ತಾರೀಕು ಕತ್ತರಿಸಿ ಕಟ್ಟು ಹಾಕಿಸಿದ್ದು. ಅದೂ ಕಲೆಯಾ ಅಂತ ನನ್ನ ಮುಖದಲ್ಲೇ ಕಾಣಿಸಿರಬೇಕು. ಅವತ್ತು ನಕ್ಕಿದ್ದಕ್ಕೆ ಅಜ್ಜಿಯ ಕ್ಷಮೆ ಆಗಲೇ ಕೇಳಿದ್ದೇನೆ. ಇಲ್ಲಿ ಎಲ್ಲರ ಮುಂದೆ ಇನ್ನೊಂದು ಸಲ ಕೇಳುತ್ತೇನೆ.

ಯಾಕೆಂದರೆ ಮುಂದಿನ ಭಾನುವಾರ ಅವರು ಆ ಪಟವನ್ನು ಟವೆಲಿನಲ್ಲಿ ಸುತ್ತಿಕೊಂಡು ಬಂದೇಬಿಟ್ಟರು. ಅವರನ್ನು ನೋಡಿ ಇನ್ನೊಬ್ಬರು ತಂದರು. ಹೀಗೆ 37 ಮನೆಗಳಿಂದ ಬಂದವು. ತಾಯಿ ಮದುವೆಗೆ ಕೊಟ್ಟ ಹಿತ್ತಾಳೆ ಶಿಲುಬೆ. ಮೂಗು ಮುರಿದ ಸಂತ ಅಂತೋಣಿ. ಮಂಗಳೂರಿನವರೊಬ್ಬರು ತಮ್ಮೂರಿನ ಅಲೋಶಿಯಸ್ ಚಾಪೆಲ್‌ನ ಹಳೇ ಫೋಟೊ ತಂದು, ಅದರ ಗೋಡೆ, ಚಾವಣಿ ತುಂಬ ಬಣ್ಣ ತುಂಬಿದ ಇಟಲಿಯ ಜೆಸ್ವಿಟ್ (ಯೇಸುಸಭೆಯ) ಬ್ರದರ್ ಆಂತೋನಿಯೊ ಮೊಸ್ಕೇನಿ ಕತೆ ಹೇಳಿದರು. ಅದೇ ಬ್ರದರ್ ಮುಂಬೈ ಕೊಲಾಬಾದ ಹೋಲಿ ನೇಮ್ ಕೆಥೆಡ್ರಲ್‌ನಲ್ಲೂ ಬರೆದಿದ್ದಾರೆ ಅಂತ ಸೇರಿಸಿದರು. ಊರಿನ ಹೆಮ್ಮೆ, ಬಿಡ್ತಾರಾ!

ಹಾಸನದ ಕಡೆಯ ಒಂದು ಕುಟುಂಬ ತಂದದ್ದು ಗೇಣುದ್ದದ ಮರದ ಶಿಲುಬೆ. ಅವರ ಹಿರಿಯರ ಊರು ಶೆಟ್ಟಿಹಳ್ಳಿ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದಾಗ ಊರು ಬಿಡಬೇಕಾಯಿತು. ಅಲ್ಲಿನ ಚರ್ಚು ಈಗಲೂ ಮಳೆಗಾಲದಲ್ಲಿ ಅರ್ಧ ಮುಳುಗಿ ಬೇಸಿಗೆಯಲ್ಲಿ ಮೇಲೇಳುತ್ತದೆ. ಚಾವಣಿ ಇಲ್ಲದ ಆ ಗೋಡೆಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರು ಬಹಳ. ಆ ಊರಿನ ಒಂದು ಮನೆಯ ಶಿಲುಬೆ ಪುಣೆಯಲ್ಲಿ ಫ್ರಿಜ್ ಮೇಲಿತ್ತು ಅಂತ ನಮಗೆ ಗೊತ್ತಾದದ್ದು ಈಗ. ಅದನ್ನು ಮೇಜಿನ ಮೇಲೆ ಮಲಗಿಸಿ ಇಟ್ಟೆವು. ಯಾಕೋ ನಿಲ್ಲಿಸಲು ಮನಸ್ಸಾಗಲಿಲ್ಲ.

ಇನ್ನು ಹಾಲ್ ವಿಷಯ. ಮೊದಲು ಒಪ್ಪಿಕೊಂಡವರು ಹತ್ತು ದಿನ ಇರುವಾಗ ಕೈಕೊಟ್ಟರು. ಯಾರು ಅಂತ ಬರೆಯುವುದಿಲ್ಲ, ಆಗಿ ಹೋಯಿತು. ಚರ್ಚಿನ ಗುರುಗಳು ಧರ್ಮೋಪದೇಶದ ತರಗತಿ ನಡೆಯುವ ಹಾಲ್ ಬಿಟ್ಟುಕೊಟ್ಟರು. ಮರಾಠಿ ಯುವಕರ ಗುಂಪು ಬೆಂಚು ಹೊತ್ತರು, ತಂತಿ ಎಳೆದರು, ಏಪ್ರಿಲ್ ಬಿಸಿಲಿನಲ್ಲಿ ಏಣಿ ಹತ್ತಿ ಫ್ಯಾನು ಸರಿಮಾಡಿದರು. ಭಾಷೆ ಬರದಿದ್ದರೂ ಕನ್ನಡ ಚೀಟಿಗಳನ್ನು ಒಂದೂ ತಲೆಕೆಳಗಾಗದಂತೆ ಅಂಟಿಸಿದರು. ಆ ಚೀಟಿಗಳನ್ನು ದುಂಡಗೆ ಬರೆದುಕೊಟ್ಟವರು ನಮ್ಮ ಚರ್ಚಿನವರಲ್ಲ, ಪಕ್ಕದ ಸೊಸೈಟಿಯ ನಿವೃತ್ತ ಕನ್ನಡ ಮೇಷ್ಟ್ರು. "ಪಾಸ್ಖ ಅಂದ್ರೆ ಏನು, ಪುನರುತ್ಥಾನಕ್ಕೂ ಅದಕ್ಕೂ ಏನು ವ್ಯತ್ಯಾಸ" ಅಂತ ಕೇಳಿ ಕೇಳಿ ಬರೆದರು. ಅವರಿಗೆ ಉತ್ತರ ಹೇಳಲು ನಾನೇ ಹೋಗಿ ಓದಿಕೊಳ್ಳಬೇಕಾಯಿತು.

ಒಂದು ಅನಾಹುತವೂ ಆಯಿತು. ತಪ್ಪು ಪೂರ್ತಿ ನನ್ನದೇ. ಒಂದು ಲೂರ್ದು ಮಾತೆಯ (ಮರಿಯಮ್ಮನ) ಪಟವನ್ನು ಸ್ಕೂಟರಿನಲ್ಲಿ ಕಾಲ ನಡುವೆ ಇಟ್ಟುಕೊಂಡು ಬರುತ್ತಿದ್ದೆ. ಸ್ಪೀಡ್ ಬ್ರೇಕರ್ ಕಾಣಲಿಲ್ಲ. ಗಾಜು ಎರಡು ಹೋಳು. ಕಟ್ಟು ಹಾಕುವ ಅಂಗಡಿಯ ಕಾಕಾ ಹಿಂದಿನ ರಟ್ಟು ಬಿಚ್ಚಿದರು. ಒಳಗೆ ಒಂದು ಹಳೇ ಕನ್ನಡ ಕ್ಯಾಲೆಂಡರ್ ಹಾಳೆ ಇತ್ತು. ಅದರ ತುಂಬ ಪೆನ್ಸಿಲ್‌ನಲ್ಲಿ ಹಾಲಿನ ಲೆಕ್ಕ. ಪಟದ ಯಜಮಾನಿಗೆ ಫೋನ್ ಮಾಡಿ ನಡುಗುತ್ತಾ ಒಪ್ಪಿಕೊಂಡೆ. ಅವರು ಅಂಗಡಿಗೇ ಬಂದರು. ಗಾಜಿನ ಮಾತೇ ಎತ್ತಲಿಲ್ಲ. ಹಾಳೆ ನೋಡಿ, "ಇದು ನಮ್ಮತ್ತೆ ಕೈಬರಹ" ಅಂದರು. ಬಹಳ ಹೊತ್ತು ನೋಡಿ, ಅದನ್ನು ಮಡಚದೆ ಮೊದಲಿದ್ದ ಜಾಗದಲ್ಲೇ ಇಡಲು ಹೇಳಿದರು. ಕಾಕಾ ಹೊಸ ಗಾಜಿಗೆ ದುಡ್ಡು ತೆಗೆದುಕೊಳ್ಳಲಿಲ್ಲ. ಕಾಕಾ, ಇದನ್ನು ನಿಮಗೆ ಮರಾಠಿಯಲ್ಲಿ ಓದಿ ಹೇಳಲು ಬರುತ್ತೇನೆ.

ಪ್ರದರ್ಶನ ತೆರೆಯಬೇಕಿದ್ದದ್ದು ಏಪ್ರಿಲ್ 27ಕ್ಕೆ, ಪಾಸ್ಖದ ಮರು ಭಾನುವಾರ. ತಪಸ್ಸು ಕಾಲದ ಐದನೇ ಭಾನುವಾರದಿಂದ ಚರ್ಚಿನ ಸ್ವರೂಪಗಳಿಗೆಲ್ಲ ನೇರಳೆ ಬಟ್ಟೆ ಮುಚ್ಚಿದ್ದೆವು. ಎರಡು ವಾರ ಕಣ್ಣಿಗೆ ಉಪವಾಸ ಹಾಕಿ ಆಮೇಲೆ ಹಬ್ಬದೂಟ ಬಡಿಸೋಣ, ಬ್ಯಾಂಡು ಇರಲಿ, ಐಸ್‌ಕ್ರೀಮ್ ಇರಲಿ ಅಂತ ಲೆಕ್ಕ. 20ರಂದು ಹಬ್ಬ ಆಯಿತು. ಜಾಗರಣೆಯಲ್ಲಿ ಹೊಸ ಬೆಂಕಿ ಹೊತ್ತಿಸಿದೆವು, 2025 ಅಂತ ಕೊರೆದ ಪಾಸ್ಖ ಮೇಣದಬತ್ತಿ ಬೆಳಗಿತು, ಅಲ್ಲೆಲೂಯ ಹಾಡಿ ಗಂಟಲು ಕಟ್ಟಿತು. ಮಾರನೇ ದಿನ, ಸೋಮವಾರ ಮಧ್ಯಾಹ್ನ ಊಟದ ಹೊತ್ತಿಗೆ, ಪೋಪ್ ಫ್ರಾನ್ಸಿಸ್ ತೀರಿಕೊಂಡ ಸುದ್ದಿ ಬಂತು. ಹಿಂದಿನ ದಿನವಷ್ಟೇ ಬಾಲ್ಕನಿಯಲ್ಲಿ ಕೂತು ಹಬ್ಬದ ಆಶೀರ್ವಾದ ಕೊಟ್ಟಿದ್ದರು.

ಮುಂದೂಡಬೇಕಾ ಅಂತ ಎರಡು ದಿನ ಚರ್ಚೆ. ಕೊನೆಗೆ ಬ್ಯಾಂಡು, ಐಸ್‌ಕ್ರೀಮ್ ಎರಡೂ ಬಿಟ್ಟು, ಒಂದು ಮೇಣದಬತ್ತಿ ಹಚ್ಚಿ ಸುಮ್ನೆ ಬಾಗಿಲು ತೆಗೆದೆವು.

ಆಗ ಒಂದು ಸಂಗತಿ ಆಯಿತು. ಒಂದು ಮನೆಯಿಂದ ಬಂದ ಸಣ್ಣ ಪಟವನ್ನು ನಾವು ಮೂಲೆಗೆ ಹಾಕಿದ್ದೆವು. ರೋಮಿನ ಸಾಂತಾ ಮರಿಯಾ ಮಜ್ಜೋರೆಯಲ್ಲಿರುವ ಮಾತೆಯ ಚಿತ್ರದ ನಕಲು. ಪೋಪ್ ಫ್ರಾನ್ಸಿಸ್ ಪ್ರತಿ ವಿದೇಶ ಪ್ರವಾಸಕ್ಕೆ ಮುಂಚೆ, ಬಂದ ಮೇಲೆ, ಹೋಗಿ ಪ್ರಾರ್ಥಿಸುತ್ತಿದ್ದದ್ದು ಆ ಚಿತ್ರದ ಮುಂದೆಯೇ. ಅದೇ ಚರ್ಚಿನಲ್ಲಿ ನೆಲದೊಳಗೆ, ಬರೀ ಹೆಸರು ಕೆತ್ತಿದ ಸರಳ ಸಮಾಧಿ ಬೇಕು ಅಂತ ಬರೆದಿಟ್ಟಿದ್ದರು. 26ರಂದು ಅಂತ್ಯಕ್ರಿಯೆ ಟೀವಿಯಲ್ಲಿ ನೋಡಿದವರೆಲ್ಲ 27ಕ್ಕೆ ಬಂದು ಆ ಮೂಲೆಯಲ್ಲಿ ನಿಂತರು. ಅದನ್ನು ನಡುಗೋಡೆಗೆ ತರಲು ಹುಡುಗರು ಹೊರಟಾಗ ನಾನೇ ಬೇಡ ಅಂದೆ. ಜನ ಹುಡುಕಿಕೊಂಡು ಬರ್ತಿದ್ದಾರಲ್ವಾ. ಗೋವಾದಿಂದ ಹೋದ ಜೆಸ್ವಿಟರು 1580ರಲ್ಲಿ ಇದೇ ಚಿತ್ರದ ಒಂದು ನಕಲನ್ನು ಅಕ್ಬರನ ಆಸ್ಥಾನಕ್ಕೆ ಒಯ್ದಿದ್ದರು ಅಂತ ಒಬ್ಬ ಸೆಮಿನರಿ ವಿದ್ಯಾರ್ಥಿ ಹೇಳಿದ. ಪಟ ಕೊಟ್ಟ ಮನೆಯವರಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವರ ಮನೆಯಲ್ಲಿ ಅದು "ಅಮ್ಮನ ಪಟ", ಅಷ್ಟೇ.

ನನ್ನ ಫೊನ್ಸೆಕ ಎಲ್ಲಿ ಹೋದರು ಅಂತೀರಾ? ಬಾಗಿಲ ಎಡಗಡೆ ಗೋಡೆ ಪೂರ್ತಿ ಅವರಿಗೇ. ಒಬ್ಬ ಹುಡುಗಿ ಸೀರೆಯುಟ್ಟ ಮರಿಯಮ್ಮನನ್ನು ನೋಡಿ "ಇವರು ನಮ್ಮ ಟೀಚರ್ ಥರ ಇದ್ದಾರೆ" ಅಂದಳು. ಆ ಎಂಟು ದಿನದಲ್ಲಿ ನಾನು ಜಾಸ್ತಿ ಖುಷಿಪಟ್ಟದ್ದು ಅವಾಗಲೇ.

ಹೊಗೆ ಹಿಡಿದ ಪಟದ ಅಜ್ಜಿ ದಿನಾ ಸಂಜೆ ಆರಕ್ಕೆ ಬರುತ್ತಿದ್ದರು. ಪ್ರದರ್ಶನ ನೋಡಲು ಅಂದುಕೊಂಡಿದ್ದೆವು. ಅಲ್ಲ. ಬೇರೆ ಯಾವುದನ್ನೂ ನೋಡದೆ ನೇರ ತಮ್ಮ ಪಟದ ಮುಂದೆ ಕುರ್ಚಿ ಹಾಕಿಕೊಂಡು ಜಪಸರ ಮುಗಿಸಿ ಹೋಗುತ್ತಿದ್ದರು. ಮೂರನೇ ದಿನ ಕೇಳಿದೆ. "ಮನೇಲಿ ಗೋಡೆ ಖಾಲಿ ಇದೆ ಮಗಾ, ಯಾರನ್ನ ನೋಡ್ಕೊಂಡು ಜಪ ಮಾಡ್ಲಿ?"

ನನಗೆ ಅಲ್ಲಿವರೆಗೆ ಹೊಳೆದಿರಲೇ ಇಲ್ಲ. 37 ಮನೆಗಳಲ್ಲಿ ಗೋಡೆಯ ಮೇಲೆ ಬರೀ ಮೊಳೆ, ಸುತ್ತ ಬಿಳಿ ಗುರುತು. ಅವರೆಲ್ಲ ಅದನ್ನೇ ನೋಡಿಕೊಂಡು ರಾತ್ರಿ ಪ್ರಾರ್ಥನೆ ಮಾಡಿದ್ದಾರೆ. ಹಾಲ್ ಕೊಟ್ಟವರಿಗೆ, ಬೆಂಚು ಹೊತ್ತವರಿಗೆ, ಕೊನೆಯ ದಿನ ಇಡ್ಲಿ, ಚಟ್ನಿ ಕಳಿಸಿ ಬಿಲ್ ಹರಿದು ಹಾಕಿದ ಉಡುಪಿ ಹೋಟೆಲಿನ ಅಣ್ಣನಿಗೆ, ಎಲ್ಲರಿಗೂ ನಾನು ಋಣಿ. ಆದರೆ ಈ ಬರಹ ಮೊದಲು ಆ ಮನೆಗಳವರಿಗೆ.

ವಾಪಸು ಕೊಡುವುದಕ್ಕೆ ಎರಡು ವಾರ ಬೇಕಾಯಿತು. ಅಷ್ಟರಲ್ಲಿ ರೋಮಿನಲ್ಲಿ ಹೊಸ ಪೋಪ್ ಕೂಡ ಬಂದರು. ಈ ಸಲ ಸ್ಕೂಟರ್ ಬೇಡ ಅಂತ ಹುಡುಗರು ಕಾರು ತಂದರು.

ಉಳಿದಿರುವ ಆ ಒಂದು: ಅಂಗೈ ಅಗಲದ ಸಂತ ಜೋಸೆಫರ ಪಟ, ನೀಲಿ ಬಣ್ಣದ ತಗಡಿನ ಕಟ್ಟು, ಹಿಂದೆ ಹೆಸರಿಲ್ಲ. ಯಾರೋ ತೆರೆಯುವ ಹಿಂದಿನ ರಾತ್ರಿ ಮೇಜಿನ ಮೇಲೆ ಇಟ್ಟು ಹೋಗಿದ್ದಾರೆ. ಸದ್ಯ ನಮ್ಮ ಮನೆಯ ಗೋಡೆಯ ಮೇಲಿದೆ, ಕಪಾಟಿನಲ್ಲಿಡಲು ಮನಸ್ಸು ಬರಲಿಲ್ಲ. ನಿಮ್ಮದಾದರೆ ಮುಂದಿನ ಕನ್ನಡ ಪೂಜೆಗೆ ಬಂದು ಹೇಳಿ, ಅವತ್ತೇ ಮನೆಗೆ ತಂದುಕೊಡುತ್ತೇನೆ. ಮೊಳೆ ತೆಗೆದುಬಿಡಬೇಡಿ.